ಲೈವ್ ಕಣ್ಣೀರು

ಹೆಸರಾಂತ ಬ್ಯಾಂಡಿನ ಗಾಯಕ ತೀರಿಕೊಂಡನೆಂಬ ಸುದ್ದಿ ಮೊಬೈಲಿಗೆ ಬಂದದ್ದೇ ತಡ, ಅಭಿಮಾನಿಗಳು ಅವನ ಮನೆಯ ಗೇಟಿಗೆ ಫ್ಲೆಕ್ಸ್ ಕಟ್ಟಿ ಹಾರ ಹಾಕಿದರು. ಅವನೇ ಬರೆದ ಹಾಡನ್ನು ಬಿಕ್ಕುತ್ತಾ ಹಾಡತೊಡಗಿದರು. ಅಳು ಬರದವರು ಅಳುವವರನ್ನು ಮೊಬೈಲಿನಲ್ಲಿ ಲೈವ್ ತೋರಿಸಿದರು.

ಗಾಯಕನ ಅಕ್ಕ ಬಾಗಿಲು ತೆರೆದು ಬಂದಳು.

"ಸ್ವಲ್ಪ ನಿಲ್ಲಿಸ್ರಪ್ಪಾ."

ಅಭಿಮಾನಿ ಸಂಘದ ಅಧ್ಯಕ್ಷ ಕೆರಳಿದ. "ಅಣ್ಣ ಹೋಗಿದ್ದಾರೆ, ನಿಮ್ಮ ಕಣ್ಣಲ್ಲಿ ಒಂದು ಹನಿ ನೀರಿಲ್ಲ! ನೀವೆಂಥಾ ಅಕ್ಕ?"

"ಅವನೇ ಕಳಿಸಿದ್ದು ಕಣಪ್ಪಾ. ಒಳಗೆ ಉಪ್ಪಿಟ್ಟು ತಿಂತಾ ಕೂತಿದ್ದಾನೆ. ಎರಡನೇ ಚರಣ ಪೂರ್ತಿ ತಪ್ಪು ಹಾಡ್ತಿದ್ದಾರೆ ಅಂದ."

ಅಧ್ಯಕ್ಷ ಮೊಬೈಲಿಗೆ ಬೆನ್ನು ತಿರುಗಿಸಿ ದನಿ ತಗ್ಗಿಸಿದ.

"ಇವತ್ತೊಂದಿನ ಅವರನ್ನ ಹೊರಗೆ ಬಿಡ್ಬೇಡಿ ಅಕ್ಕಾ, ಲೈವಲ್ಲಿ ಲಕ್ಷ ಜನ ಅಳ್ತಿದ್ದಾರೆ."