ಹತ್ತು ಸೆಕೆಂಡಿನ ಹೆಡ್‌ಲೈಟ್

ಲಡಾಖ್‌ನ ಶೀತ ಮರುಭೂಮಿ... ನಕ್ಷತ್ರ ನೋಡಲೆಂದೇ ಜನ ಹೋಗುವ ಒಂದು ಪುಟ್ಟ ಹಳ್ಳಿ.

ಕರ್ನಾಟಕದಿಂದ ಹೋಗಿದ್ದ ಟೂರ್ ತಂಡದಲ್ಲಿ ದಾವಣಗೆರೆಯ ಟೈರ್ ವ್ಯಾಪಾರಿ ಬಸವಪ್ರಭು ಕೂಡ ಇದ್ದರು.

"ಯಾರೂ ಲೈಟ್ ಹಾಕಬೇಡಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಬೇಕು. ಒಂಬತ್ತೂವರೆಗೆ ಚಂದ್ರ ಹುಟ್ಟುತ್ತೆ, ಆಮೇಲೆ ಆಕಾಶಗಂಗೆ ಮಸುಕಾಗುತ್ತೆ" ಎಂದು ಗೈಡ್ ಮೊದಲೇ ಹೇಳಿದ್ದರು.

ಆದರೆ ಬಸವಪ್ರಭು ಅವರಿಗೆ ರೀಲ್ ಬೇಕಿತ್ತು... ಕತ್ತಲಲ್ಲಿ ಏನೂ ಬರುತ್ತಿರಲಿಲ್ಲ.

'ಹತ್ತು ಸೆಕೆಂಡ್ ತಾನೇ' ಅಂದುಕೊಂಡು ತಂಡದ ಗಾಡಿಯೊಳಗೆ ಕೂತು ಹೆಡ್‌ಲೈಟ್ ಹಾಕಿದರು. ಟೆಲಿಸ್ಕೋಪು, ಜನ, ಮರಳು... ಎಲ್ಲಾ ವಿಡಿಯೋದಲ್ಲಿ ಚೆನ್ನಾಗಿ ಬಂತು.

"ಅಯ್ಯೋ..." ಎಂದು ಯಾರೋ ಕೂಗಿದರು.

ಲೈಟ್ ಹಾಕಿದ್ದು ಡ್ರೈವರ್ ನೋರ್ಬುವೇ ಅಂದುಕೊಂಡ ಟೂರ್ ಮ್ಯಾನೇಜರ್ ಅವನನ್ನು ಎಲ್ಲರೆದುರು ಬೈದ. "ನಾಳೆಯಿಂದ ನೀನು ಬೇಡ!"

ದೂರದಲ್ಲಿ ಟೀ ಕುಡಿಯುತ್ತಿದ್ದ ನೋರ್ಬುಗೆ ಏನಾಯಿತೆಂದೇ ತಿಳಿಯಲಿಲ್ಲ.

ಬಸವಪ್ರಭು ಮೊಬೈಲ್ ಜೇಬಿಗೆ ಹಾಕಿ ಗುಂಪಿನಲ್ಲಿ ಸೇರಿಕೊಂಡರು...

ಬೆಳಿಗ್ಗೆ ತಿಂಡಿಗೆ ಕೂತಾಗ, ಅದೇ ತಂಡದ ನೀಲಗಂಗಾ ಟೀಚರ್ ಅವರ ಯಜಮಾನರು ಪಕ್ಕಕ್ಕೆ ಬಂದರು. ಗದಗಿನವರು.

"ಮೂವತ್ತು ವರ್ಷ ನಮ್ಮಾಕಿ ಬೋರ್ಡಿನ ಮ್ಯಾಲ ಚುಕ್ಕಿ ಇಟ್ಟು ಮಕ್ಕಳಿಗೆ ಆಕಾಶಗಂಗಾ ಕಲಿಸ್ಯಾಳ್ರಿ. ಖರೇನ ಒಮ್ಮೆನೂ ನೋಡಿರಲಿಲ್ಲ. ಆಕಿ ಕಣ್ಣು ಕತ್ತಲಿಗೆ ಹೊಂದಾಕ ಒಂದು ತಾಸು ಬೇಕು. ಕಣ್ಣು ಮುಚ್ಚಿ ಕುಂತಿದ್ಲು... ತೆರಿಯೋ ಹೊತ್ತಿಗೇ ಲೈಟ್ ಬಿತ್ತು. ಆಮ್ಯಾಲ ಚಂದ್ರ ಬಂದ. ಇವತ್ತ ಇಲ್ಲಿಂದ ಹೊಂಟೀವ್ರಿ."

"ಮುಂದಿನ ವರ್ಷ ಬನ್ನಿ ಸಾರ್..."

"ಮುಂದಿನ ವರ್ಷಕ್ಕ ಕಣ್ಣು ಇರಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ್ರಿ."

ಬಸವಪ್ರಭು ಎದ್ದು ನೇರ ಟೀಚರ್ ಹತ್ತಿರ ಹೋದರು.

"ಲೈಟ್ ಹಾಕಿದ್ದು ಡ್ರೈವರ್ ಅಲ್ಲ ಟೀಚರ್... ನಾನು. ಕ್ಷಮಿಸಿಬಿಡಿ."

ಟೀಚರ್ ಅವರತ್ತ ತಿರುಗಿದರು.

"ನನ್ನ ಮಾತು ಆಮ್ಯಾಲ. ಮೊದಲ ಆ ಡ್ರೈವರ್ ಹತ್ರ ಹೋಗ್ರಿ. ಎಲ್ಲಾರ ಮುಂದ ಬೈಸ್ಕೊಂಡಾನ... ಎಲ್ಲಾರ ಮುಂದನ ಹೇಳ್ರಿ."

ಹೇಳಿದರು. ಕೈಮುಗಿದು, ಎಲ್ಲರೆದುರು. ನೋರ್ಬುವಿನ ಕೆಲಸ ಉಳಿಯಿತು. ಆದರೆ ಅವನು ಅವರ ಮುಖ ನೋಡಲಿಲ್ಲ...

ವಾಪಸ್ ಬಂದಾಗ ಟೀಚರ್ ಪಕ್ಕದಲ್ಲಿ ಕೂರಿಸಿಕೊಂಡರು.

"ಈಗ ಹೇಳ್ರಿ... ನಿನ್ನೆ ಆಕಾಶ ಹ್ಯಾಂಗಿತ್ತು? ನೀವರೆ ನೋಡೀರಲ್ಲ!"

ಬಸವಪ್ರಭು ನೆನಪಿಸಿಕೊಳ್ಳಲು ಹೊರಟರು...

ಅವರು ನೋಡಿದ್ದು ಮೊಬೈಲ್ ಸ್ಕ್ರೀನ್ ಮಾತ್ರ. ತಲೆ ಎತ್ತಿ ಆಕಾಶ ನೋಡಿಯೇ ಇರಲಿಲ್ಲ.

ಐವತ್ತು ದಾಟಿದ ಆ ಮನುಷ್ಯ ಟೀಚರ್ ಎದುರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

*ನಮಗೆ ಬರೀ ಹತ್ತು ಸೆಕೆಂಡ್ ಅನಿಸಿದ್ದು, ಇನ್ನೊಬ್ಬರ ಪಾಲಿಗೆ ಕೊನೆಯ ಅವಕಾಶವಾಗಿರಬಹುದು.*

ನಿಮ್ಮ ತಪ್ಪಿಗೆ ಬೈಸಿಕೊಂಡು ಸುಮ್ಮನಾದವರು ಯಾರಾದರೂ ಇದ್ದಾರಾ... ಅವರಿಗೆ ನಿಜ ಹೇಳಿದ್ದೀರಾ?