ಮುಚ್ಚದ ಡಿಸ್ಕು

"ಯಾರೂ ಇಲ್ಲ ತಾನೆ?" ಮಬ್ರೂಕಾ ಫೆಥಿಯ ವಿಡಿಯೋ ಅಂಗಡಿಯೊಳಗೆಲ್ಲ ಕಣ್ಣಾಡಿಸಿದಳು. "ಈ ಸಲ ಬೇರೆ ಅಂಗಿ ಇರ್ಲಿ. ಅದೇ ಅಂಗಿ ಆದ್ರೆ ಮುದುಕನಿಗೆ ಅನುಮಾನ ಬರುತ್ತೆ."

"ಬರಲ್ಲ ಚಿಕ್ಕಮ್ಮ. ಟೊಪ್ಪಿಗೆ ಬೇರೆ ಹಾಕಿದಾನೆ," ಎಂದ ಫೆಥಿ, ಕಂಪ್ಯೂಟರಿನಿಂದ ತಲೆಯೆತ್ತದೆ.

"ನಮ್ಮೂರ ಸಮುದ್ರ ಕಾಣಬಾರದು."

"ಕತ್ತರಿಸಿಬಿಟ್ಟೆ."

ಮೋಸವೆಂದರೆ ಮೋಸವೇ. ಆದರೆ ಕಡಲತೀರದ ಜರ್ಜಿಸ್‌ನಲ್ಲಿ ಊರಿಗೆ ಊರೇ ಅದರಲ್ಲಿ ಪಾಲುದಾರ. ಮಬ್ರೂಕಾಳ ಒಬ್ಬನೇ ಮಗ ವಜ್ದಿ ಇಟಲಿಗೆಂದು ಕಳ್ಳದೋಣಿ ಹತ್ತಿದ್ದ. ದೋಣಿ ಮುಳುಗಿತು. ಆಗ ಅವಳ ಗಂಡ ಸಹ್ಬಿ ಎದೆನೋವೆಂದು ಸ್ಫಾಕ್ಸ್ ನಗರದ ಆಸ್ಪತ್ರೆಯಲ್ಲಿದ್ದ. ಇನ್ನೊಂದು ಆಘಾತವನ್ನು ಈ ಎದೆ ತಡೆಯುವುದಿಲ್ಲ ಎಂದರು ವೈದ್ಯರು. ಮಬ್ರೂಕಾ ಕಣ್ಣೊರೆಸಿಕೊಂಡು ಗಂಡನನ್ನು ಮನೆಗೆ ಕರೆತಂದಳು. ಮಗ ಸಿಸಿಲಿಯ ಟೊಮ್ಯಾಟೊ ತೋಟದಲ್ಲಿ ಕೆಲಸಕ್ಕೆ ಸೇರಿದ ಎಂದುಬಿಟ್ಟಳು.

ಮುದುಕನ ಕಿವಿ ಮಂದ, ಫೋನು ದಂಡ. ಮನೆಯಲ್ಲಿ ಕಂಪ್ಯೂಟರಿಲ್ಲ. ಇರುವುದು ಟೀವಿ, ಅದರ ಕೆಳಗೊಂದು ಹಳೇ ಡಿವಿಡಿ ಪ್ಲೇಯರು. ಫೆಥಿ ವಜ್ದಿಯ ಜೀವದ ಗೆಳೆಯ. ಮದುವೆಗಳ ವಿಡಿಯೋ ತೆಗೆಯಲು ಇಬ್ಬರೂ ಜೊತೆಯಾಗಿಯೇ ಹೋಗುತ್ತಿದ್ದರು. ವಜ್ದಿಯೋ, ಕ್ಯಾಮೆರಾ ಕಂಡರೆ ಸಾಕು, ಮದುಮಗನನ್ನೂ ತಳ್ಳಿ ಮುಂದೆ ಬಂದು ಹಲ್ಲು ಕಿರಿಯುವ ಆಸಾಮಿ. ಅಂಥ ತುಣುಕುಗಳು ಅಂಗಡಿಯಲ್ಲಿ ಬೇಕಾದಷ್ಟಿದ್ದವು. ಅವನ್ನು ಕತ್ತರಿಸಿ, ಜೋಡಿಸಿ, ಡಿಸ್ಕಿಗೆ ಬರ್ನ್ ಮಾಡಿ ಫೆಥಿ ಕೊಡುತ್ತಿದ್ದ.

"ನೀವೂ ಕೂತು ನೋಡ್ತೀರಾ ಚಿಕ್ಕಮ್ಮ?"

"ನನ್ನ ಕೈಲಾಗಲ್ಲಪ್ಪ. ಮುದುಕನ ಕೈಗೆ ಡಿಸ್ಕ್ ಕೊಟ್ಟು ಮಾರ್ಕೆಟ್ಟಿಗೆ ಓಡಿಬಿಡ್ತೀನಿ. ವಾಪಸ್ ಬಂದ್ರೆ, 'ದಪ್ಪ ಆಗಿದಾನೆ ಕಣೇ, ನಗ್ತಾ ಇದಾನೆ' ಅಂತಾನೆ. ಪ್ರತಿ ಸಲ ಅದೇ ರಾಗ. ಅಷ್ಟು ಕೇಳಿದ್ರೆ ನನಗೆ ಒಲೆ ಹಚ್ಚೋಕೆ ಜೀವ ಬರುತ್ತೆ."

ಡಿಸ್ಕು ಹೊರಬಂದದ್ದೇ ತಡ, ಕಸಿದುಕೊಂಡು ಹೊರಟಳು.

ಸ್ವಲ್ಪ ಹೊತ್ತಿಗೆ ಬೇರೊಂದು ಮದುವೆಯ ಡಿಸ್ಕು ಹಾಕಲು ಹೋದ ಫೆಥಿಯ ಕೈ ನಿಂತಿತು. ಅಯ್ಯೋ ದೇವರೇ! ಇನ್ನೊಂದು ತುಣುಕು ಸೇರಿಸೋಣವೆಂದು ಬೆಳಿಗ್ಗೆ ಡಿಸ್ಕನ್ನು ಮುಚ್ಚದೆ ಬಿಟ್ಟಿದ್ದ. ಅವಸರದಲ್ಲಿ ಹಾಗೆಯೇ ಕೊಟ್ಟುಬಿಟ್ಟಿದ್ದ. ಬರ್ನ್ ಮಾಡಿದ ಡಿಸ್ಕನ್ನು ಕೊನೆಗೆ ಮುಚ್ಚಲೇಬೇಕು, ಎಂದರೆ ಇನ್ನೇನೂ ಸೇರಿಸಲಾಗದಂತೆ ಕಂಪ್ಯೂಟರಿನಲ್ಲಿ ಮುಗಿಸಬೇಕು. ಮುಚ್ಚದಿದ್ದರೂ ಕಂಪ್ಯೂಟರು ಹೇಗೋ ಓದಿಕೊಳ್ಳುತ್ತದೆ. ಟೀವಿ ಕೆಳಗಿನ ಪ್ಲೇಯರು ಮೂಸಿಯೂ ನೋಡುವುದಿಲ್ಲ.

ಡಿಸ್ಕು ಓಡದಿದ್ದರೆ ಸರಿಮಾಡಲು ಸಹ್ಬಿ ಪಕ್ಕದ ಮನೆಯವನನ್ನು ಕೂಗುತ್ತಾನೆ. ಆ ಮನೆಯ ಹುಡುಗನೂ ಅದೇ ದೋಣಿಯಲ್ಲಿ ಮುಳುಗಿದವನು. ಆ ತಂದೆಯ ಬಾಯಿಂದ ಒಂದು ಮಾತು ಜಾರಿದರೂ ಮುಗಿಯಿತು.

ಫೆಥಿ ಅಂಗಡಿಯ ಬಾಗಿಲೂ ಎಳೆಯದೆ ಮೊಪೆಡ್ಡು ಹತ್ತಿದ. ಬಂದರಿನ ತಿರುವಿನಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಗಳ ರಾಶಿಗೆ ಗುದ್ದುವುದೊಂದು ಬಾಕಿ.

"ಕಣ್ಣೇನು ಮನೇಲಿಟ್ಟು ಬಂದಿದೀಯೇನೋ!" ಬೆಸ್ತನೊಬ್ಬ ಚೀರಿದ.

ಫೆಥಿಗೆ ಕೇಳಿಸಲಿಲ್ಲ. ಮುದುಕ ನೆಲಕ್ಕೆ ಬಿದ್ದಿರುವುದೇ ಕಣ್ಣಮುಂದೆ ಬರುತ್ತಿತ್ತು. ನಾನೇ ಕೊಂದೆ, ನಾನೇ ಕೊಂದೆ ಎಂದು ದಾರಿಯುದ್ದಕ್ಕೂ ಬಡಬಡಿಸಿದ.

ಮನೆ ಬಾಗಿಲು ತೆರೆದಿತ್ತು. ಸಹ್ಬಿ ಟೀವಿಯೆದುರು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಟೀವಿ ಆರಿತ್ತು.

"ಏನೋ ಇದು, ನಾಯಿ ಅಟ್ಟಿಸಿಕೊಂಡು ಬಂದ ಹಾಗೆ? ಕೂತ್ಕೋ, ಚಹಾ ಕುಡಿ."

"ಚಿಕ್ಕಪ್ಪ," ಫೆಥಿ ಕಿವಿಯ ಬಳಿ ಕೂಗಿದ, "ಡಿಸ್ಕು... ಹಾಕಿದ್ರಾ?"

"ಹಾಕದೆ ಇರ್ತೀನಾ? ಎರಡೆರಡು ಸಲ ನೋಡಿದೆ. ದಪ್ಪ ಆಗಿದಾನೆ ಕಣೋ, ನಗ್ತಾ ಇದಾನೆ."

ಅಬ್ಬ, ಬದುಕಿದೆ! ಫೆಥಿ ಅಲ್ಲೇ ಕೂತ. ಮರುಗಳಿಗೆ ಎದ್ದ. ಹೇಗೆ ಸಾಧ್ಯ? ಟೀವಿ ಹಾಕಿ, ಪ್ಲೇಯರಿನ ಗುಂಡಿ ಒತ್ತಿದ. ಒಳಗೆ ಡಿಸ್ಕೇ ಇರಲಿಲ್ಲ. ಅದು ಕಪಾಟಿನ ಮೇಲೆ, ಲಕೋಟೆಯೊಳಗೇ ಇತ್ತು. ಅದನ್ನು ಹಾಕಿದ. ಪ್ಲೇಯರು ಗೊರಗೊರ ಎಂದು ತಿರುಗಿ, ಸೋತು ನಿಂತಿತು. ಪರದೆಯ ಮೇಲೆ ಬರೀ ನೀಲಿ.

ಅವನು ತಿರುಗಿ ನೋಡಿದ. ಮುದುಕ ಚಹಾದ ಲೋಟವನ್ನು ಕೆಳಗಿಟ್ಟ.

"ಇದೊಂದೇ ಅಲ್ಲಪ್ಪ, ಒಂದನ್ನೂ ಹಾಕಿ ನೋಡಿಲ್ಲ, ಸತ್ತ ಮಗ ನಗೋದನ್ನ ನೋಡೋ ಎದೆ ನನಗೆಲ್ಲಿದೆ? ನನಗೆ ಗೊತ್ತು ಅಂತ ಮಬ್ರೂಕಾಗೆ ಮಾತ್ರ ಹೇಳಬೇಡ."