ಎರಡು ಕೈಯಲ್ಲೂ ಪೈಪು

"ನಂಗೇನಾದ್ರೂ ಆದ್ರೆ ಕುಡ್ದು ಸತ್ತ ಅನ್ನಿಸ್ಬ್ಯಾಡ ಕಣ್ಲಾ. ಕಂಡಿದ್ದು ಕಂಡಂಗೆ ಹೇಳ್ಬುಡು," ಎಂದು ಕದಿರಯ್ಯ ವರ್ಷಗಳ ಹಿಂದೆ ಭೀಮರಾಜನಿಂದ ಮಾತು ತೆಗೆದುಕೊಂಡಿದ್ದ. ಸೋಲಾರ್ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಇಬ್ಬರೂ ಸೇರಿದ ಹೊಸತು. ಆಗಷ್ಟೇ ಕರೆಂಟು ಹೊಡೆದು ಸತ್ತ ಒಬ್ಬ ಕೆಲಸಗಾರನನ್ನು ಕುಡುಕನೆಂದು ಹೇಳಿ ಕಂಪನಿಯವರು ಕೈತೊಳೆದುಕೊಂಡಿದ್ದರು. "ಆಗ್ಲಿ ಬುಡಲೇ, ಹೇಳ್ತೀನಿ," ಎಂದಿದ್ದ ಭೀಮರಾಜು.

ಈಗ ಕದಿರಯ್ಯ ಸತ್ತಿದ್ದ. ತಿಥಿಗೆಂದು ಸುಣ್ಣ ಬಳಿದ ಅವನ ಮನೆಯ ಗೋಡೆಯ ಮೇಲೆ ಭೀಮರಾಜನ ಮಗಳು ಶರಣ್ಯಾ ಇದ್ದಿಲಿನಿಂದ ಚಿತ್ರ ಬರೆದಿದ್ದಳು. ಯಾರೂ ಬೈದಿರಲಿಲ್ಲ. ವಿಚಾರಣೆಗೆಂದು ಪಾವಗಡದಿಂದ ಬಂದ ಸಾಹೇಬರು ಅದರೆದುರು ನಿಂತರು.

"ಏನಮ್ಮಾ ಇದು?"

"ಅನಗನಗಾ ಒಂದೂರಾಗೆ ಕದಿರಿ ಮಾಮ ಇದ್ದ ಸಾರ್. ಬಿಸ್ಲಾಗೆ ಪ್ಯಾನೆಲ್ ತೊಳೀತಿದ್ದ. ಇದು ಒಡ್ದೈತೆ, ಕರೆಂಟ್ ಹೊಡೀತೈತೆ, ನೀರು ಬಿಡಾಕಿಲ್ಲ ಅಂದ. ಈ ಟೋಪಿ ಅಣ್ಣ ಬೈದು ನೀರು ಬಿಡಿಸ್ದ. ಮಾಮ ಅಂಗೇ ಬಿದ್ದೋದ. ನಾನು ಅಪ್ಪಂಗೆ ಬುತ್ತಿ ತಂದಿದ್ದೆ, ಬೇಲಿ ಆಚೆಯಿಂದ ನೋಡ್ದೆ."

ಸೂಪರ್‌ವೈಸರ್ ಅರುಣ್‌ಕುಮಾರ್ ತಲೆಯ ಮೇಲಿನ ಟೋಪಿ ತೆಗೆದು ಬಗಲಿಗೆ ಸಿಕ್ಕಿಸಿಕೊಂಡು ನಕ್ಕ. "ಮಕ್ಳ ಕಥೆ ಸಾರ್. ಬಾಟ್ಲು ಮರ್ತವ್ಳೆ. ಅವನ ಕೈಗೊಂದು ಬಾಟ್ಲು ಬರಿ ಪುಟ್ಟಾ."

"ಎಲ್ಲಿ ಬರೀಲಿ? ಮಾಮನ ಎರಡು ಕೈಯಾಗೂ ಪೈಪ್ ಐತಲ್ಲ."

ಸಾಹೇಬರು ಭೀಮರಾಜನತ್ತ ತಿರುಗಿದರು. "ನೀನು ಪಕ್ಕದಲ್ಲೇ ಇದ್ದೆಯಂತಲ್ಲಪ್ಪ. ಅವನು ಕುಡಿದಿದ್ನಾ?"

"ನಾಳೆ ಡ್ಯೂಟಿಗೆ ಬರ್ತೀಯ ತಾನೆ ಭೀಮಣ್ಣ?" ಅರುಣ್‌ಕುಮಾರ್ ಮೆಲ್ಲಗೆ ಕೇಳಿದ.

ಕದಿರಯ್ಯನ ಹೆಂಡತಿ ಮಹಾಲಕ್ಷ್ಮಮ್ಮ ಒಳಗಿನಿಂದ ಎದ್ದು ಹೊಸ್ತಿಲಿಗೆ ಬಂದಳು. "ಹೇಳ್ಬುಡಣ್ಣ. ಒಂದ್ ದಿನಾನೂ ಅದ್ರ ವಾಸ್ನೆ ಕಂಡೋರಲ್ಲ ಅವ್ರು. ನಿಂಗೊತ್ತಿಲ್ವಾ?"

ಭೀಮರಾಜು ನೆಲ ನೋಡಿದ. "ಕುಡ್ದಿದ್ದ ಸಾರ್."

ಸಾಹೇಬರು ಬರೆದುಕೊಂಡು ಜೀಪು ಹತ್ತಿದರು. ಮಹಾಲಕ್ಷ್ಮಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಚಿತ್ರದಲ್ಲಿ ಕದಿರಯ್ಯನ ಪಕ್ಕ ಬರಿಗೈಯಲ್ಲಿ ನಿಂತಿದ್ದವನು ಶರಣ್ಯಾಳ ಅಪ್ಪ. ಅವಳು ನೆಲದ ಮೇಲಿದ್ದ ಇದ್ದಿಲು ಎತ್ತಿಕೊಂಡು, ಅಪ್ಪನ ಕೈಯಲ್ಲಿ ಒಂದು ಬಾಟಲಿ ಬರೆದಳು.

ಭೀಮರಾಜು ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.